ಬೆಳ್ಳಿ ಮೊದಲು ಬೆರಳಿಗೆ ಹತ್ತಿತು

ಅಡುಗೆಮನೆಯೊಳಗೆ ಈ ಬೆಳ್ಳಿ ಹತ್ತಿಸುವ ರಗಳೆ ಬೇಡ ಎಂದು ಅಮ್ಮ ಖಡಾಖಂಡಿತವಾಗಿ ಹೇಳಿದ್ದರಿಂದ ಹಿತ್ತಲ ಕಟ್ಟೆಗೆ ಬಂದಿದ್ದೇನೆ. ಅಮ್ಮ ಹೇಳಿದ್ದೇ ಸರಿ. ಈ ಗಾಜಿನ ಲೋಟ, ಈ ಚಮಚ ಇನ್ನು ಮುಂದೆ ಊಟದ ಪಾತ್ರೆಗಳ ಜೊತೆ ಸೇರುವಂತಿಲ್ಲ.

ಇದು ಅಜ್ಜಿಯ ಕುಂಕುಮ ಭರಣಿ. ಅಪ್ಪಟ ಬೆಳ್ಳಿ ಎಂದೇ ನಂಬಿದ್ದೆವು. ಗೌರಿ ಹಬ್ಬಕ್ಕೆ ತಿಕ್ಕುವಾಗ ಹೊಟ್ಟೆಯ ಹತ್ತಿರ ಹಿತ್ತಾಳೆ ಇಣುಕಿತು. ಗಿಲೀಟು! ಅಜ್ಜಿಗೆ ಗೊತ್ತಿತ್ತೋ ಇಲ್ಲವೋ, ಕೇಳಲು ಅಜ್ಜಿಯೇ ಇಲ್ಲ. ಮತ್ತೆ ಬೆಳ್ಳಿ ಹತ್ತಿಸಲು ಪೇಟೆಯಲ್ಲಿ 600 ರೂಪಾಯಿ ಕೇಳಿದರು. ದುಬಾರಿ ಎಂದು ಎದ್ದು ಬಂದೆ. ಆಮೇಲೆ 5 ಗ್ರಾಂ ಸಿಲ್ವರ್ ನೈಟ್ರೇಟಿಗೇ, ಅಂದರೆ ಬೆಳ್ಳಿಯ ಲವಣಕ್ಕೇ, ಅದಕ್ಕಿಂತ ಹೆಚ್ಚು ತೆತ್ತೆ. ಅದರಲ್ಲಿರುವ ಬೆಳ್ಳಿಯೋ, 3 ಗ್ರಾಮಿಗೆ ಸ್ವಲ್ಪ ಮೇಲೆ. ನಗಬೇಡಿ.

ತಿಕ್ಕಿದ್ದು, ತೊಳೆದದ್ದು ವಿಡಿಯೋದಲ್ಲಿ ಕಾಣುತ್ತಿದೆ, ಬಿಡಿ. ಇದನ್ನು ಮಾತ್ರ ನೋಡಿ. ಕರಗಿಸಿದ ಸಿಲ್ವರ್ ನೈಟ್ರೇಟಿಗೆ ಉಪ್ಪುನೀರು ಬಿದ್ದ ಕೂಡಲೇ ಹಾಲು ಒಡೆದ ಹಾಗೆ ಬಿಳಿ ಗರಣೆ. ಇದು ಸಿಲ್ವರ್ ಕ್ಲೋರೈಡ್. ಬೆಳಕು ತಾಗಿದರೆ ನೇರಳೆಗೆ ತಿರುಗುತ್ತದೆ, ಅದಕ್ಕೇ ಮೇಲೆ ಟವೆಲು. ಚೆನ್ನಾಗಿ ತೊಳೆದು ಹೈಪೋ ನೀರಿಗೆ ಹಾಕಿದರೆ ಕರಗಿ ತಿಳಿಯಾಗುತ್ತದೆ. ಹಳೆಯ ಫೋಟೋ ಸ್ಟುಡಿಯೋದವರು ಬಳಸುತ್ತಿದ್ದರಲ್ಲ, ಅದೇ ಹೈಪೋ, ಸೋಡಿಯಂ ಥಯೋಸಲ್ಫೇಟ್. ಕಸುಬಿನವರು ಸೈನೈಡ್ ದ್ರಾವಣ ಬಳಸುತ್ತಾರೆ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನದವರು ಪೇಟೆಂಟ್ ಪಡೆದದ್ದೂ ಅದಕ್ಕೇ. ಮನೆಯಲ್ಲಿ ಅದು ಬೇಡವೇ ಬೇಡ.

ಈಗ ನನ್ನ ಕೈ. ಕೈಗವಸು ಹಾಕಿದ್ದೆ, ಆಣೆ ಮಾಡಿ ಹೇಳುತ್ತೇನೆ. ಬಲಗೈಯದು ತೂತಾಗಿತ್ತು. ಸಿಲ್ವರ್ ನೈಟ್ರೇಟ್ ಕರಗಿಸುವಾಗ ಬೆರಳು ಒದ್ದೆಯಾಯಿತು, ಒರೆಸಿಕೊಂಡೆ, ಕಲೆ ಏನೂ ಕಾಣಲಿಲ್ಲ. ಬಟ್ಟೆ ಒಣಹಾಕಲು ತಾರಸಿಗೆ ಹೋದೆ. ಅರ್ಧ ಬಕೆಟ್ ಮುಗಿಯುವಷ್ಟರಲ್ಲಿ ಮೂರು ಬೆರಳು ಕಂದು, ಆಮೇಲೆ ಕಪ್ಪು. ಬಿಸಿಲಿಗೆ ಬೆಳ್ಳಿ ಚರ್ಮದಲ್ಲೇ ಕೂತುಬಿಟ್ಟಿತ್ತು. ಸಾಬೂನು, ನಿಂಬೆಹಣ್ಣು, ಹುಣಸೆಹಣ್ಣು, ಉಗುರುಬಣ್ಣ ತೆಗೆಯುವ ದ್ರವ, ಯಾವುದಕ್ಕೂ ಜಗ್ಗಲಿಲ್ಲ. ತರಕಾರಿ ಗಾಡಿಯವರು ನೋಡಿ, "ಎಷ್ಟು ಕಡೆ ಓಟು ಹಾಕಿದಿರಿ ಅಮ್ಮಾ?" ಎಂದರು. ಅವರು ತಮಾಷೆಗೆ ಹೇಳಿದ್ದು. ಆದರೆ ಅಕ್ಷರಶಃ ನಿಜ! ಓಟಿನ ಶಾಯಿಯಲ್ಲಿರುವುದೂ ಇದೇ ಸಿಲ್ವರ್ ನೈಟ್ರೇಟ್. 1962ರಿಂದ ಆ ಶಾಯಿ ತಯಾರಾಗುತ್ತಿರುವುದು ನಮ್ಮ ಮೈಸೂರಿನಲ್ಲೇ, 1937ರಲ್ಲಿ ನಾಲ್ವಡಿಯವರು ಆರಂಭಿಸಿದ ಬಣ್ಣದ ಕಾರ್ಖಾನೆಯಲ್ಲಿ. ಮತಗಟ್ಟೆಯವರು ಒಂದು ಬೆರಳಿಗೆ ಹಚ್ಚುತ್ತಾರೆ, ನಾನು ಮೂರಕ್ಕೆ ಹಚ್ಚಿಕೊಂಡೆ. ಚರ್ಮ ಸವೆದು ಉಗುರು ಬೆಳೆಯುವವರೆಗೆ ಇದೇ ಗತಿ. ಶುಕ್ರವಾರ ನಾದಿನಿಯ ಸೀಮಂತ ಬೇರೆ. ಆರತಿ ತಟ್ಟೆ ಹಿಡಿಯುವವಳು ನಾನೇ, ಆ ಸೀರೆಗೆ ಕುಪ್ಪಸವೂ ಇನ್ನೂ ಹೊಲಿದು ಬಂದಿಲ್ಲ, ದರ್ಜಿ ಫೋನನ್ನೇ...

ಅಯ್ಯೋ, ಭರಣಿ ಆಗಲೇ ಬೆಳ್ಳಿ ಕರಗಿದ ಆ ಹೈಪೋ ನೀರಿಗಿಳಿದಿದೆ. ತಂತಿ ಜೋಡಿಸಿ, ಕರೆಂಟು ಹರಿಸಿಕೊಂಡೇ ಮುಳುಗಿಸಿದೆ. ಹಾಗೆಯೇ ಇಳಿಸಿದರೆ ಹಿತ್ತಾಳೆ ತಾನಾಗಿಯೇ ಬೆಳ್ಳಿಯನ್ನು ಎಳೆದುಕೊಂಡು, ಒರೆಸಿದರೆ ಉದುರುವ ಪುಡಿಯಂಥ ಪದರ ಬರುತ್ತದೆ. ನೀರಿಗೆ ಬೆಳ್ಳಿ ಒದಗಿಸಲು ಆ ಕಡೆ ನೇತಾಡುತ್ತಿರುವುದು ನನ್ನ ತುಂಡಾದ ಬೆಳ್ಳಿ ಕಾಲುಚೈನು. ಶುದ್ಧ ಬೆಳ್ಳಿಯ ತಂತಿ ಇದ್ದರೆ ಇನ್ನೂ ಒಳ್ಳೆಯದು. ಕಾಲು ಆಂಪಿಯರ್ ಕರೆಂಟು ಒಂದು ಗಂಟೆಯಲ್ಲಿ ಒಂದು ಗ್ರಾಂ ಬೆಳ್ಳಿ ಕೂರಿಸುತ್ತದೆ, ಎಲ್ಲವೂ ಸರಿಯಾಗಿದ್ದರೆ. ನಾನು ನಲವತ್ತು ನಿಮಿಷ ಬಿಟ್ಟೆ. ಆತುರಪಟ್ಟು ಕರೆಂಟು ಹೆಚ್ಚಿಸಿದರೆ ಅಂಚು ಸುಟ್ಟಂತೆ ಕರಿಯಾಗುತ್ತದೆ. ಹೇಗೆ ಗೊತ್ತು ಎನ್ನುತ್ತೀರಾ? ಮೊದಲು ಒಂದು ಹಳೆಯ ಕೀಲಿಕೈ ಮೇಲೆ ಪ್ರಯೋಗ ಮಾಡಿದ್ದೆ.

ಹೊರಗೆ ಬಂತು. ಮಂಕು ಬಿಳುಪು, ಸುಣ್ಣ ಹಚ್ಚಿದ ಹಾಗೆ. ಪೇಟೆಯಲ್ಲಿ ಕೊಡುವುದೇ ವಾಸಿಯಿತ್ತು ಎನ್ನಿಸಿತು. ಅಡುಗೆ ಸೋಡಾ ಹಾಕಿ ಮೆತ್ತಗೆ ಉಜ್ಜಿದೆ. ಈಗ ನೋಡಿ! 600 ರೂಪಾಯಿ ಯಾರಿಗೆ ಬೇಕು? ಒಳಗೆ, ಕತ್ತಿನ ಸಂದಿಯಲ್ಲಿ ಮಾತ್ರ ಬೆಳ್ಳಿ ಹೋಗಿಯೇ ಇಲ್ಲ, ಹಿತ್ತಾಳೆ ಹಾಗೆಯೇ ಹಳದಿಯಾಗಿ ಕೂತಿದೆ.

ಕುಂಕುಮ ತುಂಬಿ ಮುಚ್ಚಳ ಹಾಕಿದರೆ ಕಾಣುವುದಿಲ್ಲ. ಹಾಕಿದೆ.