ಒಂದೇ ಬೇರಿನ ಎರಡು ಕಾಲೇಜುಗಳು

ಕೇಳುಗರಿಗೆ ನಮಸ್ಕಾರ.

ನನ್ನ ಅಕ್ಕನ ಮಗಳು ಮೈಸೂರಿನಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಮುಂದೆ ಭೌತವಿಜ್ಞಾನವೋ ಗಣಿತವೋ ಎಂಬುದನ್ನು ಇನ್ನೂ ಗಟ್ಟಿ ಮಾಡಿಕೊಂಡಿಲ್ಲದ ಆ ಹುಡುಗಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿರುವ ವಿಲಿಯಮ್ಸ್ ಮತ್ತು ಆ್ಯಮ್ಹರ್ಸ್ಟ್ ಎಂಬ ಎರಡು ಲಿಬರಲ್ ಆರ್ಟ್ಸ್ ಕಾಲೇಜುಗಳ ಹೆಸರನ್ನು ಮನೆಯಲ್ಲಿ ಎತ್ತಿದಾಗ, ಅಕ್ಕ ಕೇಳಿದ ಮೊದಲ ಮಾತು ಇದು: "ಸೈನ್ಸ್ ಓದೋಕೆ ಆರ್ಟ್ಸ್ ಕಾಲೇಜಿಗೆ ಯಾಕೆ ಹೋಗ್ಬೇಕು?"

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಯುತ್ತಿದ್ದಂತೆ ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂದು ಮೂರು ದಾರಿಗಳು ಕವಲೊಡೆಯುವುದರಿಂದ ಈ ಪ್ರಶ್ನೆ ಏಳುವುದು ಸಹಜ. ಅಲ್ಲಿನ ಕಾಲೇಜುಗಳ ಹೆಸರಿನಲ್ಲಿರುವ ಆರ್ಟ್ಸ್ ಎಂಬ ಪದಕ್ಕೆ ವಿದ್ಯೆಗಳು ಎಂಬ ಹಳೆಯ ಅರ್ಥವಿದ್ದು, ಗಣಿತವೂ ಖಗೋಳವಿಜ್ಞಾನವೂ ಅದರೊಳಗೇ ಸೇರುತ್ತವೆ. ಮುಖ್ಯ ವಿಷಯವನ್ನು ಎರಡನೆಯ ವರ್ಷದ ಕೊನೆಯ ಹೊತ್ತಿಗೆ ಆರಿಸಿಕೊಂಡರೆ ಸಾಕು. ವಿಲಿಯಮ್ಸ್‌ನಲ್ಲಿ ಭೌತವಿಜ್ಞಾನ ಓದಿದ ರಾಬರ್ಟ್ ಎಂಗಲ್ ಅವರಿಗೆ 2003ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ್ಯಮ್ಹರ್ಸ್ಟ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಹೆರಾಲ್ಡ್ ವಾರ್ಮಸ್ ಮುಂದೆ ವೈದ್ಯರಾಗಿ, ಕ್ಯಾನ್ಸರ್ ಸಂಶೋಧನೆಗಾಗಿ 1989ರ ವೈದ್ಯಕೀಯ ನೊಬೆಲ್ ಪಡೆದರು.

ಆದರೆ ನಮ್ಮ ಹುಡುಗಿಯ ಮುಂದಿರುವ ತೊಡಕು ಬೇರೆ. 'ಅರ್ಲಿ ಡಿಸಿಷನ್' ಎಂಬ ಕ್ರಮದಲ್ಲಿ ನವೆಂಬರ್ ತಿಂಗಳಲ್ಲಿ ಒಂದೇ ಒಂದು ಕಾಲೇಜಿಗೆ ಅರ್ಜಿ ಹಾಕಬಹುದು. ಸೀಟು ಸಿಕ್ಕಿದರೆ ಉಳಿದ ಅರ್ಜಿಗಳನ್ನೆಲ್ಲ ಹಿಂತೆಗೆದುಕೊಂಡು ಅಲ್ಲಿಗೇ ಸೇರುತ್ತೇನೆಂದು ಮಾತು ಕೊಡಬೇಕು. ಹಾಗಾಗಿ ಎರಡರಲ್ಲಿ ಒಂದನ್ನು ಈಗಲೇ ಆರಿಸಬೇಕಾಗಿದೆ. ಆ ಎರಡಾದರೋ ಒಂದೇ ಬೇರಿನಿಂದ ಬಂದವು. 1793ರಲ್ಲಿ ಶುರುವಾದ ವಿಲಿಯಮ್ಸ್‌ನ ಅಧ್ಯಕ್ಷರೇ 1821ರಲ್ಲಿ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊರಟು ಆ್ಯಮ್ಹರ್ಸ್ಟ್‌ನ ಮೊದಲ ಅಧ್ಯಕ್ಷರಾದರು. ಎರಡರಲ್ಲೂ ಸುಮಾರು ಎರಡು ಸಾವಿರ ವಿದ್ಯಾರ್ಥಿಗಳು. ಎರಡರಲ್ಲೂ ಎಂಜಿನಿಯರಿಂಗ್ ವಿಭಾಗವಿಲ್ಲ. ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳು ಮಾಡುವ ಕೆಲಸ ಎರಡು ಕಡೆಯೂ ಪದವಿ ವಿದ್ಯಾರ್ಥಿಗಳ ಕೈಗೇ ಬರುತ್ತದೆ. ರ‍್ಯಾಂಕಿಂಗ್ ಪಟ್ಟಿಗಳಲ್ಲಿ ಅಕ್ಕಪಕ್ಕದಲ್ಲೇ ನಿಲ್ಲುವ ಇವನ್ನು ಅಂಥ ಪಟ್ಟಿ ಹಿಡಿದುಕೊಂಡು ಬೇರೆ ಮಾಡಲು ಹೋಗುವುದು ವ್ಯರ್ಥವೆಂದು ನಾನು ಆಕೆಗೆ ಮೊದಲೇ ಹೇಳಿದೆ.

ನಾನು ನೋಡೆಂದದ್ದು ಮೂರನೆಯ ಮತ್ತು ನಾಲ್ಕನೆಯ ವರ್ಷದ ಪಾಠಗಳನ್ನು. ಮೊದಲೆರಡು ವರ್ಷದ ಕಲನಶಾಸ್ತ್ರ, ಯಂತ್ರಶಾಸ್ತ್ರ, ವಿದ್ಯುತ್ಕಾಂತತೆ ಎಲ್ಲಿ ಓದಿದರೂ ಚೆನ್ನಾಗಿಯೇ ಸಿಗುತ್ತವೆ. ಸಣ್ಣ ಕಾಲೇಜಿನ ಕಷ್ಟ ತಲೆ ಎತ್ತುವುದು ಆಮೇಲೆ. ಮೇಲ್ಮಟ್ಟದ ಒಂದು ಕೋರ್ಸನ್ನು ಎರಡು ವರ್ಷಕ್ಕೊಮ್ಮೆ ಮಾತ್ರ ನಡೆಸುವುದುಂಟು. ಅದನ್ನು ಕಲಿಸುವ ಒಬ್ಬರೇ ಪ್ರಾಧ್ಯಾಪಕರು ಸಂಶೋಧನೆಗೆಂದು ಒಂದು ವರ್ಷ ರಜೆಯ ಮೇಲೆ ಹೋದರೆ, ಆ ತಂಡದ ವಿದ್ಯಾರ್ಥಿಗಳಿಗೆ ಆ ಕೋರ್ಸು ಕೈತಪ್ಪಿಯೇ ಹೋಗಬಹುದು. ಈ ಕೊರತೆಯನ್ನು ಎರಡು ಕಾಲೇಜುಗಳು ತುಂಬಿಕೊಳ್ಳುವ ಬಗೆಯಲ್ಲೇ ಅವುಗಳ ನಿಜವಾದ ವ್ಯತ್ಯಾಸವಿದೆ.

ಆ್ಯಮ್ಹರ್ಸ್ಟ್ ನೆರೆಹೊರೆಯನ್ನು ನೆಚ್ಚಿಕೊಂಡಿದೆ. ಸ್ಮಿತ್, ಮೌಂಟ್ ಹೋಲಿಯೋಕ್, ಹ್ಯಾಂಪ್‌ಷೈರ್ ಕಾಲೇಜುಗಳು ಮತ್ತು ಅದೇ ಊರಿನಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಸೇರಿ ಐದು ಸಂಸ್ಥೆಗಳ ಒಕ್ಕೂಟವೊಂದು ಬೆಳೆದುಬಂದಿದ್ದು, ಒಂದರ ವಿದ್ಯಾರ್ಥಿ ಇನ್ನೊಂದರಲ್ಲಿ ಪಾಠ ಕೇಳಬಹುದು. ಕಾಲೇಜಿನಲ್ಲಿಲ್ಲದ ಎಂಜಿನಿಯರಿಂಗ್ ಕೋರ್ಸು ಬಸ್ಸು ಹತ್ತಿದರೆ ವಿಶ್ವವಿದ್ಯಾಲಯದಲ್ಲಿ ಸಿಗುತ್ತದೆ. ಇದರ ಮೇಲೆ, ಮೊದಲ ವರ್ಷದ ಒಂದು ಚರ್ಚಾ ತರಗತಿ ಮತ್ತು ಮುಖ್ಯ ವಿಷಯದ ಕೋರ್ಸುಗಳನ್ನು ಬಿಟ್ಟರೆ ಇಂಥದ್ದನ್ನೇ ಓದಬೇಕೆಂಬ ಕಡ್ಡಾಯ ಆ್ಯಮ್ಹರ್ಸ್ಟ್‌ನಲ್ಲಿಲ್ಲ. ಅಲ್ಲಿನ ಪ್ರಯೋಗಾಲಯಗಳನ್ನೂ ಸಣ್ಣವೆಂದು ತಳ್ಳಿಹಾಕುವಂತಿಲ್ಲ. ಅತಿಶೀತಲ ಪರಮಾಣುಗಳಲ್ಲಿ ಡಿರಾಕ್ ಏಕಧ್ರುವದ, ಅಂದರೆ ಭೌತವಿಜ್ಞಾನಿ ಪಾಲ್ ಡಿರಾಕ್ ಊಹಿಸಿದ ಒಂದೇ ಧ್ರುವದ ಕಾಂತದ, ಪ್ರತಿರೂಪವನ್ನು ಸೃಷ್ಟಿಸಿದ, 2014ರಲ್ಲಿ ಪ್ರಕಟವಾದ ಪ್ರಯೋಗ ನಡೆದದ್ದು ಅಲ್ಲಿಯೇ.

ವಿಲಿಯಮ್ಸ್ ಬರ್ಕ್‌ಷೈರ್ ಬೆಟ್ಟಗಳ ನಡುವೆ ಒಂಟಿಯಾಗಿದೆ. ಪಕ್ಕದಲ್ಲಿ ವಿಶ್ವವಿದ್ಯಾಲಯವಿಲ್ಲದಿರುವುದರಿಂದ ಅದು ತನ್ನ ಬಲವನ್ನು ಒಳಗಡೆಯೇ ಕಟ್ಟಿಕೊಂಡಿದೆ. ಅಲ್ಲಿನ 'ಟ್ಯುಟೋರಿಯಲ್' ನನ್ನನ್ನು ಬಹಳ ಸೆಳೆದ ಪದ್ಧತಿ. ಒಬ್ಬ ಪ್ರಾಧ್ಯಾಪಕರ ಎದುರು ಇಬ್ಬರೇ ವಿದ್ಯಾರ್ಥಿಗಳು ಕೂರುತ್ತಾರೆ. ಈ ವಾರ ಒಬ್ಬಳು ತಾನು ಬರೆದುತಂದದ್ದನ್ನು ಮಂಡಿಸಿದರೆ, ಮತ್ತೊಬ್ಬಳು ಅದನ್ನು ಒರೆಗೆ ಹಚ್ಚಬೇಕು. ಮುಂದಿನ ವಾರ ಪಾತ್ರಗಳು ಅದಲುಬದಲಾಗುತ್ತವೆ. ಗಣಿತದ ಪ್ರಮೇಯವೊಂದರ ಸಾಧನೆಯ ಮೂರನೆಯ ಸಾಲಿನಲ್ಲಿ ತಪ್ಪಿದ್ದರೆ ಅದನ್ನು ಅಲ್ಲೇ, ಬಾಯಿಬಿಟ್ಟು ವಿವರಿಸುತ್ತಲೇ ಸರಿಪಡಿಸಿಕೊಳ್ಳಬೇಕು, ಏಕೆಂದರೆ ಹಿಂದಿನ ಬೆಂಚಿನಲ್ಲಿ ಅಡಗಿ ಕೂರಲು ಅಲ್ಲಿ ಹಿಂದಿನ ಬೆಂಚೇ ಇರುವುದಿಲ್ಲ. ಜನವರಿ ತಿಂಗಳನ್ನು ಒಂದೇ ಒಂದು ಕೋರ್ಸಿಗೆ ಬಿಟ್ಟುಕೊಡುತ್ತಾರೆ. 1988ರಿಂದ ನಡೆದುಬಂದಿರುವ 'ಸ್ಮಾಲ್' ಎಂಬ ಬೇಸಿಗೆ ಕಾರ್ಯಕ್ರಮದಲ್ಲಿ ಪದವಿ ವಿದ್ಯಾರ್ಥಿಗಳು ಗಣಿತದ ಹೊಸ ಸಮಸ್ಯೆಗಳ ಮೇಲೆ ಕೆಲಸ ಮಾಡುತ್ತಾರೆ. ಬೇರೆ ಕಾಲೇಜಿನವರೂ ಅದಕ್ಕೆ ಅರ್ಜಿ ಹಾಕಬಹುದೆಂಬುದನ್ನು ಮರೆಯಬಾರದು. ವಿಜ್ಞಾನ, ಸಮಾಜವಿಜ್ಞಾನ, ಕಲೆ ಎಂಬ ಮೂರು ಗುಂಪುಗಳಿಂದಲೂ ತಲಾ ಮೂರು ಕೋರ್ಸು ಕಡ್ಡಾಯವಾಗಿರುವುದನ್ನು ನಮ್ಮ ಹುಡುಗಿ ಹೊರೆಯೆಂದು ಭಾವಿಸಲಿಲ್ಲ.

ಎಂಜಿನಿಯರಿಂಗ್ ಕಡೆಗೆ ಮನಸ್ಸು ವಾಲಿರುವ ಮಕ್ಕಳಿಗೆ ನಾನು ಆ್ಯಮ್ಹರ್ಸ್ಟ್ ಎಂದೇ ಹೇಳುತ್ತೇನೆ. ಶುದ್ಧ ಗಣಿತ ಅಥವಾ ಭೌತವಿಜ್ಞಾನದಲ್ಲಿ ಕೆಲವೇ ವಿಷಯಗಳನ್ನು ಆಳವಾಗಿ ಓದಬೇಕೆನ್ನುವವರಿಗೆ, ಅದರಲ್ಲೂ ತರಗತಿಯಲ್ಲಿ ಬಾಯಿಬಿಡಲು ಹಿಂಜರಿಯುವ ಆದರೆ ಆ ಹಿಂಜರಿಕೆಯಿಂದ ಹೊರಬರಬೇಕೆಂಬ ಆಸೆಯಿರುವವರಿಗೆ, ವಿಲಿಯಮ್ಸ್ ಹೆಚ್ಚು ಒದಗಿಬರುತ್ತದೆ.

ಕಳೆದ ಭಾನುವಾರ ಆಕೆ ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಹಾಳೆಯ ನಡುವೆ ಗೆರೆ ಎಳೆದು, ಎರಡೂ ಕಾಲೇಜುಗಳ ಕೊನೆಯ ಎರಡು ವರ್ಷದ ಕೋರ್ಸುಗಳನ್ನು ಆಯಾ ವರ್ಷ ನಡೆಯುತ್ತವೆಯೋ ಇಲ್ಲವೋ ಎಂದು ನೋಡಿ ನೋಡಿ ಬರೆದಿದ್ದಳು. ಆ್ಯಮ್ಹರ್ಸ್ಟ್ ಕಡೆಯ ಪಟ್ಟಿ ಉದ್ದವಾಗಿತ್ತು. ಆದರೂ ಆಕೆ ಕೆಂಪು ಶಾಯಿಯಲ್ಲಿ ಸುತ್ತುಹಾಕಿದ್ದು ವಿಲಿಯಮ್ಸ್ ಕಡೆಯ ಎರಡು ಟ್ಯುಟೋರಿಯಲ್‌ಗಳಿಗೆ. "ಚಿಕ್ಕಮ್ಮ, ಪಿಯುಸಿಯಲ್ಲಿ ಎರಡು ವರ್ಷದಿಂದ ನಾನು ಒಂದು ಪ್ರಶ್ನೆಯನ್ನೂ ಎದ್ದು ಕೇಳಿಲ್ಲ" ಎಂದಳು.

ಇನ್ನುಳಿದದ್ದು ಹಣದ ಮಾತು. ವರ್ಷದ ಒಟ್ಟು ಖರ್ಚು ಎರಡು ಕಡೆಯೂ 80,000 ಡಾಲರ್ ದಾಟಿದೆ. ಕುಟುಂಬಕ್ಕೆ ಭರಿಸಲಾಗದ ಭಾಗವನ್ನು ಸಾಲದ ಬದಲು ಸಹಾಯಧನವಾಗಿ ಕೊಡುವುದು ಎರಡೂ ಕಾಲೇಜುಗಳ ನೀತಿ. ಆದರೆ ಭರಿಸಬಲ್ಲದ್ದು ಎಷ್ಟೆಂಬುದನ್ನು ಲೆಕ್ಕ ಹಾಕುವವರು ಅವರೇ. ಅರ್ಲಿ ಡಿಸಿಷನ್ ಒಪ್ಪಂದಕ್ಕೆ ವಿದ್ಯಾರ್ಥಿಯ ಜೊತೆಗೆ ತಂದೆಯೋ ತಾಯಿಯೋ ಸಹಿ ಹಾಕಬೇಕು. ಕಾಲೇಜಿನ ಜಾಲತಾಣದಲ್ಲಿರುವ ಲೆಕ್ಕದ ಸಾಧನದಲ್ಲಿ ಮನೆಯ ಆದಾಯವನ್ನು ತುಂಬಿ, ಬರುವ ಮೊತ್ತವನ್ನು ಕಣ್ಣಾರೆ ನೋಡಿದ ಮೇಲೆಯೇ ಸಹಿ ಎಂದು ಅಕ್ಕ ಹೇಳಿದ್ದಾಳೆ. ಅದಕ್ಕೆಂದು ಈ ಶನಿವಾರ ಸಂಜೆ ನಾವು ಮೂವರೂ ಕೂರುತ್ತಿದ್ದೇವೆ.

ನಮಸ್ಕಾರ.