ಸೂಜಿ ಎಲೆಯ ಮರಗಳ ಎಳೆತನ ಕಾಯ್ದಿಡುವ ಅಂಗಾಂಶ ಕೃಷಿ

ಎಲ್ಲರಿಗೂ ನಮಸ್ಕಾರ.

ಪೈನ್, ಸ್ಪ್ರೂಸ್, ಫರ್ ಮರಗಳನ್ನು ಬೆಳೆಸುವವರಿಗೆ ಒಂದು ಹಳೆಯ ತಲೆನೋವಿದೆ. ಮರ ಒಳ್ಳೆಯ ಜಾತಿಯದ್ದಾ ಅಂತ ಗೊತ್ತಾಗಬೇಕಾದರೆ ಅದು ವರ್ಷಗಟ್ಟಲೆ ಬೆಳೆಯಬೇಕು. ಕಾಂಡ ನೆಟ್ಟಗಿದೆಯಾ, ರೋಗ ತಡೆದುಕೊಳ್ಳುತ್ತದಾ, ಎಲ್ಲ ಆಮೇಲೆ ತಿಳಿಯುವ ಮಾತು. ಅಷ್ಟರಲ್ಲಿ ಮರಕ್ಕೆ ವಯಸ್ಸಾಗಿರುತ್ತದೆ. ಅದರ ಕೊಂಬೆ ಕತ್ತರಿಸಿ ನೆಟ್ಟರೆ ಬೇರು ಬಿಡುವುದೇ ಕಷ್ಟ. ಬಿಟ್ಟರೂ ಎಷ್ಟೋ ಸಲ ಗಿಡ ಮೇಲಕ್ಕೇಳದೆ, ಇನ್ನೂ ಕೊಂಬೆಯೇ ಎಂಬಂತೆ ಅಡ್ಡಕ್ಕೆ ಚಾಚುತ್ತದೆ. ಬೀಜ ಹಾಕೋಣ ಅಂದರೆ, ಸಸಿ ತಾಯಿಮರದ ಹಾಗೇ ಇರುತ್ತದೆ ಎಂಬ ಭರವಸೆ ಇಲ್ಲ.

ಗಿಡದ ಸಣ್ಣ ಚೂರನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಸಸಿ ಮಾಡುವ ಅಂಗಾಂಶ ಕೃಷಿ ಅಂದ ಕೂಡಲೇ ಲಕ್ಷಗಟ್ಟಲೆ ಸಸಿ ಕಣ್ಣಮುಂದೆ ಬರುತ್ತವೆ, ಅಲ್ವಾ? ಈ ಮರಗಳ ಮಟ್ಟಿಗೆ ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ ಎಂದು ನಾನು ನಂಬಿದ್ದೇನೆ. ಎಳೆತನವನ್ನು ಹಾಗೇ ಹಿಡಿದಿಡಬಹುದು.

1985ರಲ್ಲಿ ನಾರ್ವೆ ಸ್ಪ್ರೂಸ್‌ನ ಬಲಿಯದ ಬೀಜದಿಂದ ಇದಕ್ಕೆ ದಾರಿ ಸಿಕ್ಕಿತು. ಬೀಜದೊಳಗಿನ ಪುಟ್ಟ ಭ್ರೂಣವನ್ನು ತೆಗೆದು, ಆಕ್ಸಿನ್ ಮತ್ತು ಸೈಟೊಕೈನಿನ್ ಹಾರ್ಮೋನುಗಳಿರುವ ಮಾಧ್ಯಮದ (ಪೋಷಕಾಂಶ ಬೆರೆಸಿದ ಆಹಾರದ) ಮೇಲೆ ಕತ್ತಲಲ್ಲಿ ಇಡುತ್ತಾರೆ. ಕೆಲವು ವಾರಗಳಲ್ಲಿ ಬಿಳಿಯ, ಲೋಳೆಲೋಳೆಯಾದ ಮುದ್ದೆ ಹುಟ್ಟುತ್ತದೆ. ನೋಡಲು ಏನೂ ಅನ್ನಿಸುವುದಿಲ್ಲ. ಅದರ ಒಂದು ಚೂರನ್ನು ಮೈಕ್ರೊಸ್ಕೋಪಿನ ಕೆಳಗಿಟ್ಟರೆ ಬೆರಗಾಗುತ್ತದೆ. ಒತ್ತೊತ್ತಾದ ಸಣ್ಣ ಕೋಶಗಳ ತಲೆ, ಅದರ ಹಿಂದೆ ಉದ್ದುದ್ದ ಕೋಶಗಳ ಬಾಲ. ಒಂದಲ್ಲ, ರಾಶಿ ರಾಶಿ. ಒಂದೊಂದೂ ಮರವಾಗಬಲ್ಲ ಭ್ರೂಣ.

ಇವು ಸುಮ್ನೆ ಹೆಚ್ಚುತ್ತಲೇ ಹೋಗುತ್ತವೆ. ಬಲಿಯಬೇಕಾದರೆ ಮಾಧ್ಯಮ ಬದಲಿಸಬೇಕು. ಆ ಹಾರ್ಮೋನುಗಳನ್ನು ಬಿಟ್ಟು ಆಬ್ಸಿಸಿಕ್ ಆಮ್ಲ ಎಂಬ ಬೇರೊಂದು ಹಾರ್ಮೋನು ಕೊಡುತ್ತಾರೆ, ನೀರು ಸುಲಭವಾಗಿ ಸಿಗದ ಹಾಗೆ ನೋಡಿಕೊಳ್ಳುತ್ತಾರೆ. ಆಗ ಭ್ರೂಣ ದಪ್ಪಗಾಗಿ, ತುದಿಯಲ್ಲಿ ಬೀಜದಳಗಳು ಕಿರೀಟದಂತೆ ಮೂಡುತ್ತವೆ. ಆಮೇಲೆ ಸ್ವಲ್ಪ ಒಣಗಿಸಿ, ಬೆಳಕಿಗಿಟ್ಟು ಮೊಳಕೆ ಬರಿಸುವುದು. ನಿಜವಾದ ಬೀಜದಲ್ಲಿ ಭ್ರೂಣದ ಸುತ್ತ ಆಹಾರ ಇರುತ್ತದೆ. ಇಲ್ಲಿ ಅದಿಲ್ಲ, ಮಾಧ್ಯಮದ ಸಕ್ಕರೆಯೇ ಗತಿ.

ಈಗ ಮುಖ್ಯ ವಿಷಯ. ಆ ಬಿಳಿ ಮುದ್ದೆಯ ಒಂದು ಪಾಲನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಇನ್ನೊಂದು ಪಾಲಿನಿಂದ ಸಸಿ ಮಾಡಿ ಬಯಲಲ್ಲಿ ನೆಡುತ್ತಾರೆ. ಅವು ಬೆಳೆದು ತಮ್ಮ ಗುಣ ತೋರಿಸುವ ತನಕ ಇತ್ತ ಮುದ್ದೆಗೆ ವಯಸ್ಸೇ ಆಗುವುದಿಲ್ಲ. ಒಂದೊಂದು ಬೀಜದ ಮುದ್ದೆಯೂ ಒಂದೊಂದು ತಳಿ. ಯಾವ ತಳಿ ಗೆದ್ದಿತೋ ಅದರ ಮುದ್ದೆಯನ್ನು ಹೊರತೆಗೆದು ಸಸಿ ಮಾಡಿದರಾಯಿತು. ನ್ಯೂಜಿಲೆಂಡಿನ ರೇಡಿಯಾಟ ಪೈನ್, ಅಮೆರಿಕದ ಲಾಬ್ಲಾಲಿ ಪೈನ್ ತಳಿಗಳನ್ನು ಆರಿಸುವಾಗ ಈ ದಾರಿ ಹಿಡಿದಿದ್ದಾರೆ.

ತೊಡಕುಗಳೂ ಇವೆ. ಎಲ್ಲ ಬೀಜವೂ ಮುದ್ದೆ ಕೊಡುವುದಿಲ್ಲ. ಪೈನ್‌ನಲ್ಲಂತೂ ಕಾಯಿ ಕೀಳಲು ಸರಿಯಾದ ಸಮಯ ಕೆಲವೇ ವಾರ. ಬಲಿತ ಭ್ರೂಣಗಳನ್ನು ಒಂದೊಂದಾಗಿ ಚಿಮುಟದಲ್ಲಿ ಆರಿಸುವ ಕೆಲಸವೇ ಖರ್ಚನ್ನು ಜಾಸ್ತಿ ಮಾಡುತ್ತದೆ. ಬೆಳೆದು ನಿಂತ ಮರದಿಂದಲೇ ನೇರವಾಗಿ ಶುರುಮಾಡುವುದು ಹೆಚ್ಚಿನ ಜಾತಿಗಳಲ್ಲಿ ಇನ್ನೂ ತುಂಬ ಕಷ್ಟ.

ಇನ್ನೊಂದು ಮಾತು. ಗೆದ್ದ ತಳಿ ಒಂದನ್ನೇ ಗುಡ್ಡದ ತುಂಬ ನೆಡಬೇಡಿ. ಒಂದು ಕೀಟಕ್ಕೆ ಒಂದು ಮರ ಸೋತರೆ ಎಲ್ಲವೂ ಸೋಲುತ್ತವೆ. ಹತ್ತಾರು ತಳಿಗಳನ್ನು ಬೆರೆಸಿ ನೆಡಿ, ಯಾವುದನ್ನು ಎಲ್ಲಿ ನೆಟ್ಟಿರಿ ಎಂದು ಬರೆದಿಡಿ.