ನೆಡದೆ ಬಿಟ್ಟ ಸಾಲು

ಕೇಳುಗರಿಗೆ ನಮಸ್ಕಾರ. ನವಿಲುಗರಿಯ ಗುಟ್ಟೊಂದು ಕಂಪ್ಯೂಟರ್ ಚಿಪ್‌ಗೆ ಹೇಗೆ ಉಪಯೋಗವಾದೀತು ಎಂಬುದೇ ಇವತ್ತಿನ ಮಾತು.

ಮನೆಯಲ್ಲಿ ನವಿಲುಗರಿ ಉಂಟಾದರೆ ಕೈಗೆ ತೆಗೆದುಕೊಳ್ಳಿ. ಬೆಳಕಿಗೆ ಮುಖ ಮಾಡಿ ಹಿಡಿದರೆ ನೀಲಿ, ಹಸಿರು ಮಿಂಚುತ್ತದೆ. ಅದನ್ನೇ ಕಿಟಕಿಗೆ ಅಡ್ಡ ಹಿಡಿದು ನೋಡಿ, ತರಗೆಲೆಯಂಥ ಕಂದು! ಗರಿಯಲ್ಲಿ ನೀಲಿ ಬಣ್ಣವೆಂಬುದೇ ಇಲ್ಲ. ನಮ್ಮ ಕೂದಲನ್ನು ಕಪ್ಪಾಗಿಸುವ ಮೆಲನಿನ್ನೇ ಅಲ್ಲಿ ಸಣ್ಣ ಕಡ್ಡಿಗಳಾಗಿ, ಸಮ ಅಂತರದಲ್ಲಿ ಸಾಲುಗಟ್ಟಿದೆ. ಆ ಅಂತರಕ್ಕೆ ತಾಳೆಯಾಗುವ ಬೆಳಕು ಒಳಗೆ ನುಗ್ಗಲಾರದೆ ಹಿಂದಕ್ಕೆ ಚಿಮ್ಮುತ್ತದೆ.

ಇಂಥ ರಚನೆಗೆ ಫೋಟಾನಿಕ್ ಕ್ರಿಸ್ಟಲ್ ಎನ್ನುತ್ತಾರೆ. ಇದರಿಂದ ಬೆಳಕನ್ನು ಬೇಕಾದಂತೆ ಕಟ್ಟಿಹಾಕಬಹುದೆಂದು 1987ರಲ್ಲಿ ಭೌತವಿಜ್ಞಾನಿಗಳಾದ ಎಲಿ ಯಾಬ್ಲೊನೊವಿಚ್ ಮತ್ತು ಕೇರಳ ಮೂಲದ ಸಜೀವ್ ಜಾನ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬರೆದರು.

ಕಂಪ್ಯೂಟರಿಗೆ ಇದೆಲ್ಲ ಯಾಕೆ? ಪಣಂಬೂರಿನಲ್ಲಿ ಹಡಗು ಎಷ್ಟೇ ಬೇಗ ಖಾಲಿಯಾಗಲಿ, ಶಿರಾಡಿ ಘಾಟಿಯಲ್ಲಿ ಲಾರಿ ಸಾಲುಗಟ್ಟಿ ನಿಂತರೆ ಏನು ಬಂತು? ಚಿಪ್‌ಗಳ ಪಾಡೂ ಅದೇ. ಲೆಕ್ಕ ಮಾಡುವುದು ಕ್ಷಣದ ಕೆಲಸ. ಅದನ್ನು ಪಕ್ಕದ ಚಿಪ್‌ಗೆ ಮುಟ್ಟಿಸುವ ತಾಮ್ರದ ಗೆರೆಯಲ್ಲಿ, ವೇಗ ಏರಿದಂತೆಲ್ಲ ಸಂಕೇತ ಸೊರಗುತ್ತದೆ, ಕರೆಂಟು ಬಿಸಿಯಾಗಿ ಹೋಗುತ್ತದೆ. ಬೆಳಕಿನಲ್ಲಿ ಕಳಿಸಿದರೆ ಈ ತಾಪತ್ರಯ ಕಡಿಮೆ. ಊರೂರಿನ ನಡುವೆ ಫೈಬರ್‌ನಲ್ಲಿ ಓಡುವ 1550 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ, ಚಿಪ್ ಮಾಡುವ ಸಿಲಿಕಾನ್ ಗಾಜಿನಂತೆ ಪಾರದರ್ಶಕ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಮೀಟರ್.

ಈಗ ನಮ್ಮ ಅಡಿಕೆ ತೋಟವನ್ನು ನೆನೆಸಿಕೊಳ್ಳಿ. 9 ಅಡಿಗೊಂದು ಮರ, ನಡುವೆ ಒಂದು ಸಾಲು ನೆಡದೆ ಬಿಟ್ಟರೆ ಅದೇ ದಾರಿ. ತೆಳು ಸಿಲಿಕಾನ್ ಹಾಳೆಯಲ್ಲಿ ಸುಮಾರು 400 ನ್ಯಾನೋಮೀಟರಿಗೊಂದರಂತೆ ತೂತು ಕೊರೆಯುತ್ತಾರೆ. ಒಂದು ಕೂದಲೆಳೆಯ ಅಗಲದಲ್ಲಿ ನೂರಕ್ಕೂ ಮಿಕ್ಕಿ. ಒಂದು ಸಾಲು ಮಾತ್ರ ಕೊರೆಯುವುದಿಲ್ಲ. ತೂತಿರುವ ಕಡೆ ಬೆಳಕಿಗೆ ಪ್ರವೇಶವಿಲ್ಲ, ಹಾಗಾಗಿ ಆ ಸಾಲು ಹಿಡಿದೇ ಹೋಗಬೇಕು, ಸಾಲು ತಿರುಗಿದಲ್ಲಿ ತಾನೂ ತಿರುಗಬೇಕು. ಇಡೀ ಸಾಲಿನ ಬದಲು ಮೂರೇ ಮೂರು ತೂತು ಕೊರೆಯದೆ ಬಿಟ್ಟರೋ, ಬೆಳಕು ಅಲ್ಲೇ ಮಡುಗಟ್ಟುತ್ತದೆ. ನನಗೆ ಎಲ್ಲಕ್ಕಿಂತ ಸೋಜಿಗ ಈ ಮಡು. ಅಷ್ಟು ಪುಟ್ಟ ಜಾಗವಾದ್ದರಿಂದ ಅದನ್ನು ಸ್ವಿಚ್ಚಾಗಿ, ಲೇಸರಾಗಿ ಬಳಸಲು ತೀರ ಕಡಿಮೆ ಶಕ್ತಿ ಸಾಕು. ಜಪಾನಿನ ದೂರಸಂಪರ್ಕ ಕಂಪನಿ ಎನ್‌ಟಿಟಿಯ ಸಂಶೋಧಕರು ಒಂದು ಬಿಟ್‌ಗೆ, ಅಂದರೆ ಒಂದು ಸೊನ್ನೆಯನ್ನೋ ಒಂದನ್ನೋ ಕಳಿಸಲು, ಕೆಲವೇ ಫೆಮ್ಟೋಜೂಲ್ ಶಕ್ತಿ ಸಾಕಾಗುವ ಇಂಥ ಲೇಸರ್ ಮಾಡಿ ತೋರಿಸಿದ್ದಾರೆ. ಒಂದು ಜೂಲನ್ನು ಕೋಟಿ ಪಾಲು ಮಾಡಿ, ಒಂದು ಪಾಲನ್ನು ಮತ್ತೆ ಹತ್ತು ಕೋಟಿ ಪಾಲು ಮಾಡಿದರೆ ಒಂದು ಫೆಮ್ಟೋಜೂಲ್, ಮಾರಾಯ್ರೆ!

ಹಾಗಾದರೆ ಅಂಗಡಿಯ ಕಂಪ್ಯೂಟರಿನಲ್ಲಿ ಯಾಕಿಲ್ಲ? ತೋಟದಲ್ಲಿ ಮರ ಒಂದು ಗೇಣು ಆಚೀಚೆಯಾದರೆ ಯಾರೂ ಕೇಳುವುದಿಲ್ಲ. ಇಲ್ಲಿ ತೂತು ಕೆಲವು ನ್ಯಾನೋಮೀಟರ್ ಸರಿದರೂ ಬೆಳಕು ಚದುರುತ್ತದೆ, ಮಡುವಿನ ಶ್ರುತಿ, ಅಂದರೆ ಅದು ಹಿಡಿದಿಡುವ ಬೆಳಕಿನ ತರಂಗಾಂತರ, ತಪ್ಪುತ್ತದೆ. ಸೆಕೆಗೂ ಶ್ರುತಿ ಜಾರುತ್ತದೆ. ಚಿಪ್‌ನೊಳಗೆ ವರ್ಷವಿಡೀ ನಮ್ಮ ಏಪ್ರಿಲ್-ಮೇ ತಿಂಗಳೇ ಅಲ್ಲವೇ? ಮೇಲಾಗಿ ಸಿಲಿಕಾನ್ ತಾನಾಗಿ ಸರಿಯಾಗಿ ಬೆಳಗುವುದಿಲ್ಲ, ಇಂಡಿಯಂ ಫಾಸ್ಫೈಡ್‌ನಂಥ ಬೇರೆ ವಸ್ತುವನ್ನು ತಂದು ಅಂಟಿಸಬೇಕು. ಅದಕ್ಕೇ ಕಾರ್ಖಾನೆಗಳು ಸದ್ಯಕ್ಕೆ ತೂತಿಲ್ಲದ ಸಿಲಿಕಾನ್ ಗೆರೆ, ಉಂಗುರಗಳನ್ನೇ ಹೆಚ್ಚಾಗಿ ನೆಚ್ಚಿಕೊಂಡಿವೆ. ಅವರನ್ನು ದೂರುವಂತಿಲ್ಲ. ನವಿಲಿಗಾದರೆ ಒಂದೆರಡು ಕಡ್ಡಿ ಓರೆಯಾದರೂ ನಡೆಯುತ್ತದೆ, ಹೆಣ್ಣು ನವಿಲು ಅಳತೆಪಟ್ಟಿ ಹಿಡಿದು ಬರುವುದಿಲ್ಲ.

ನಮಸ್ಕಾರ.